ಕಾನ್ಸಂಟ್ರೇಟೋ, ರೆಡಿ ಮಿಕ್ಸೋ? ಬಳ್ಳಾರಿ ಬಿಸಿಲಲ್ಲಿ ಓಡುವ ಲಾರಿಗೆ ಯಾವ ಕೂಲಂಟ್

ಬಳ್ಳಾರಿಯ ಯಾವುದೇ ಲಾರಿ ಸ್ಪೇರ್ಸ್ ಅಂಗಡಿಗೆ ಹೋಗಿ ‘ಕೂಲಂಟ್ ಕೊಡಿ’ ಅಂದರೆ ಮೂರು ಥರದ ಮಾಲು ಎದುರಿಗೆ ಬರುತ್ತದೆ. ಒಂದು, ನೀರು ಬೆರೆಸಿಕೊಳ್ಳಬೇಕಾದ ಕಾನ್ಸಂಟ್ರೇಟ್. ಎರಡನೆಯದು ನೇರವಾಗಿ ಸುರಿಯುವ ರೆಡಿ ಮಿಕ್ಸ್. ಮೂರನೆಯದು ಕಂಪನಿಯ ಹೆಸರೂ ಸರಿಯಾಗಿ ಇಲ್ಲದ 20 ಲೀಟರ್ ಕ್ಯಾನು. ಬಣ್ಣ ಮಾತ್ರ ಕಣ್ಣು ಕುಕ್ಕುವಷ್ಟು ಹಸಿರು. ಸಂಡೂರು–ತೋರಣಗಲ್ಲು ನಡುವೆ ಅದಿರು ಹೊಡೆಯುವ ಟಿಪ್ಪರ್, ರಾಯಚೂರಿನ ಶಕ್ತಿನಗರದಿಂದ ಹಾರುಬೂದಿ ಒಯ್ಯುವ ಬಲ್ಕರ್, ಗಂಗಾವತಿ–ಸಿಂಧನೂರಿನ ಅಕ್ಕಿ ಲಾರಿ, ಇಂಥವುಗಳಿಗೆ ಈ ಮೂರರಲ್ಲಿ ಯಾವುದು ಹೊಂದುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಪೂರ್ತಿ ಬದಲಿಸುವಾಗ ಕಾನ್ಸಂಟ್ರೇಟ್, ದಾರಿಯಲ್ಲಿ ಕಡಿಮೆಯಾದದ್ದಕ್ಕೆ ರೆಡಿ ಮಿಕ್ಸ್, ಮೂರನೆಯದನ್ನು ಮುಟ್ಟಬೇಡಿ. ಆದರೆ ನಮ್ಮ ಕಡೆ ಇಂಜಿನ್ ಹೀಟಾಗುವುದರಲ್ಲಿ ಡಬ್ಬಿಗಿಂತ ದೊಡ್ಡ ಪಾತ್ರ ಅದಕ್ಕೆ ಬೆರೆಸುವ ನೀರಿನದು.

ಮೊದಲು ಒಂದು ತಪ್ಪು ತಿಳಿವಳಿಕೆ. ಕೂಲಂಟ್ ಹಾಕಿದರೆ ನೀರಿಗಿಂತ ಹೆಚ್ಚು ತಂಪಾಗುತ್ತದೆ ಅನ್ನುತ್ತಾರೆ. ಇಲ್ಲ. ಅರ್ಧ ಗ್ಲೈಕಾಲ್ (ಕೂಲಂಟಿನ ಮೂಲ ದ್ರವ), ಅರ್ಧ ನೀರು ಇರುವ ಮಿಶ್ರಣ ಶಾಖ ಹೊರುವುದರಲ್ಲಿ ಬರೀ ನೀರಿಗಿಂತ ಸುಮಾರು ಆರನೇ ಒಂದು ಪಾಲು ಹಿಂದೆಯೇ ಇದೆ. ಅದರ ಕೆಲಸ ಬೇರೆ. ಒಂದು, ಕುದಿಯುವ ಮಟ್ಟ ಮೇಲೇರಿಸುವುದು: ಬರೀ ನೀರು 100 ಡಿಗ್ರಿಗೆ ಕುದಿದರೆ ಅರ್ಧಕ್ಕರ್ಧ ಮಿಶ್ರಣ 107ರ ಆಸುಪಾಸಿಗೆ ಕುದಿಯುತ್ತದೆ, ಮೇಲೆ 13 ಪಿಎಸ್‌ಐ ಒತ್ತಡದ ಕ್ಯಾಪ್ ಸರಿಯಾಗಿ ಕೂತಿದ್ದರೆ 128ರವರೆಗೂ ತಡೆದುಕೊಳ್ಳುತ್ತದೆ. ಎರಡು, ತುಕ್ಕು ತಡೆಯುವುದು. ಮೂರನೆಯದು ಡ್ರೈವರುಗಳ ಕಣ್ಣಿಗೆ ಬೀಳದ್ದು, ಆದರೆ ದೊಡ್ಡ ಡೀಸೆಲ್ ಇಂಜಿನ್‌ಗೆ ಅದೇ ಮುಖ್ಯ. ನೀರಿಗೆ ನೇರ ತಾಗುವ ವೆಟ್ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಇದ್ದರೆ, ಪಿಸ್ಟನ್ ಬಡಿತಕ್ಕೆ ಲೈನರ್ ಸಣ್ಣಗೆ ನಡುಗುತ್ತಿರುತ್ತದೆ. ಅದರ ಹೊರಮೈಯಲ್ಲಿ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆದ ಕಡೆಯೆಲ್ಲ ಸೂಜಿ ಚುಚ್ಚಿದ ಹಾಗೆ ಕುಳಿ ಬೀಳುತ್ತಾ ಹೋಗಿ, ಒಂದು ದಿನ ತೂತಾಗಿ ನೀರು ಆಯಿಲ್‌ಗೆ ಇಳಿಯುತ್ತದೆ. ಕೂಲಂಟಿನಲ್ಲಿರುವ ರಾಸಾಯನಿಕ ಲೈನರ್ ಮೇಲೆ ತೆಳುವಾದ ಪೊರೆ ಕಟ್ಟಿ ಇದನ್ನು ತಡೆಯುತ್ತದೆ. ಹಾಗಾಗಿ ಕಾರಿಗೆಂದು ಮಾಡಿದ ಕೂಲಂಟ್ ಸಸ್ತಾ ಸಿಕ್ಕಿತೆಂದು ಟಿಪ್ಪರ್‌ಗೆ ಸುರಿಯಬಾರದು. ಡಬ್ಬಿಯ ಮೇಲೆ ಹೆವಿ ಡ್ಯೂಟಿ ಡೀಸೆಲ್ ಎಂದೋ, ಎಎಸ್‌ಟಿಎಂ ಡಿ 6210 (ಅಮೆರಿಕದ ಮಾನದಂಡ) ಎಂದೋ ಇದೆಯಾ ನೋಡಿ. ಡಿ 3306 ಅನ್ನುವುದು ಕಾರು-ಜೀಪುಗಳ ದರ್ಜೆ.

ಇನ್ನು ನೀರು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಬಹುತೇಕ ಬೋರ್‌ಗಳದ್ದು ಸವುಳು ನೀರು. ಸ್ನಾನದ ನೀರು ಕಾಯಿಸುವ ಹಂಡೆಯ ತಳಕ್ಕೆ ಬಿಳಿ ಪಕಳೆ ಕಟ್ಟುತ್ತದಲ್ಲ, ಬೆರಳಲ್ಲಿ ಕೆರೆದರೂ ಬಿಡದಂಥದ್ದು, ಅದೇ ಇಂಜಿನ್ನಿನ ಒಳಗೂ ಕಟ್ಟುತ್ತದೆ. ಮೊದಲು ಕಟ್ಟುವುದು ಅತಿ ಹೆಚ್ಚು ಬಿಸಿಯಾಗುವ ಜಾಗದಲ್ಲಿ, ಅಂದರೆ ಹೆಡ್ಡಿನಲ್ಲಿ ವಾಲ್ವ್‌ಗಳ ಸುತ್ತ ಮತ್ತು ಲೈನರಿನ ಮೇಲ್ತುದಿಯಲ್ಲಿ. ರೇಡಿಯೇಟರ್ ಎಷ್ಟೇ ಹೊಸದಿರಲಿ, ಶಾಖ ಲೋಹದಿಂದ ನೀರಿಗೆ ದಾಟುವಲ್ಲೇ ಗೋಡೆ ಎದ್ದರೆ ಏನು ಮಾಡಿ ಏನು? ಕ್ಯಾಟರ್‌ಪಿಲ್ಲರ್ ಕಂಪನಿ ತನ್ನ ಡೀಸೆಲ್ ಇಂಜಿನ್‌ಗಳಿಗೆ ಹಾಕುವ ನೀರಿಗೆ ಮಿತಿ ಇಟ್ಟಿದೆ: ಲೀಟರಿಗೆ ಒಟ್ಟು ಗಡಸುತನ 170 ಮಿಲಿಗ್ರಾಂ, ಕ್ಲೋರೈಡ್ 40, ಸಲ್ಫೇಟ್ 100, ಒಟ್ಟು ಕರಗಿದ ಘನ ಪದಾರ್ಥ (ಟಿಡಿಎಸ್) 340. ಕುಡಿಯುವ ನೀರಿಗೇ ನಮ್ಮ ದೇಶದ ಮಾನದಂಡ 500 ಟಿಡಿಎಸ್‌ವರೆಗೆ ಒಪ್ಪುತ್ತದೆ, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೂ ಸಹಿಸುತ್ತದೆ. ಅಂದರೆ ಮನುಷ್ಯ ಕುಡಿಯಬಹುದಾದ ನೀರನ್ನೂ ಇಂಜಿನ್ ಒಲ್ಲೆ ಅನ್ನುತ್ತದೆ!

ಪರಿಹಾರ ಊರಲ್ಲೇ ಇದೆ. ಹಳ್ಳಿ ಹಳ್ಳಿಯಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕವಿದೆ. ಆ ಆರ್‌ಓ ನೀರು ಸಾಕು, ಆದರೆ ಪೆನ್ನಿನಷ್ಟುದ್ದದ ಟಿಡಿಎಸ್ ಮೀಟರ್ ಅದ್ದಿ ನೋಡಿಯೇ ಒಯ್ಯಿರಿ. ಫಿಲ್ಟರ್ ಬದಲಿಸದ ಘಟಕದ ನೀರು ಹೆಸರಿಗಷ್ಟೇ ಆರ್‌ಓ. 100ರ ಒಳಗಿದ್ದರೆ ಒಳ್ಳೆಯದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇನ್ನೂ ಮೇಲು. ಕಾಲುವೆ ನೀರು ಬೋರಿಗಿಂತ ಮೃದು ನಿಜ, ಅದರ ಜೊತೆ ಬರುವ ಕೆಸರು ರೇಡಿಯೇಟರ್ ಟ್ಯೂಬಿನ ತಳದಲ್ಲಿ ಕೂರುತ್ತದೆ.

ಈಗ ರೆಡಿ ಮಿಕ್ಸ್‌ಗೂ ಕಾನ್ಸಂಟ್ರೇಟ್‌ಗೂ ಇರುವ ಅಸಲಿ ವ್ಯತ್ಯಾಸ. ರೆಡಿ ಮಿಕ್ಸ್‌ನಲ್ಲಿ ನೀರೂ ಅವರದೇ ಆದ್ದರಿಂದ ಸವುಳು ನೀರಿನ ತಲೆನೋವಿಲ್ಲ, ಅದಕ್ಕೇ ಅದು ಒಳ್ಳೆಯದು ಎಂಬ ವಾದವಿದೆ. ಹೊಸ, ಒಣ ಇಂಜಿನ್ನಿಗೆ ಸರಿ. ಓಡಿದ ಗಾಡಿಯ ಲೆಕ್ಕ ಬೇರೆ. ಒಟ್ಟು 28 ಲೀಟರ್ ಹಿಡಿಯುವ ಗಾಡಿ ಅನ್ನಿ. ರೇಡಿಯೇಟರ್ ಕೆಳಗಿನ ಕಾಕ್ ತಿರುಗಿಸಿದರೆ 16 ಲೀಟರ್ ಇಳಿಯಿತು. ಉಳಿದ 12 ಲೀಟರ್ ಇಂಜಿನ್ ಬ್ಲಾಕಿನಲ್ಲೇ ನಿಂತಿರುತ್ತದೆ. ನೀರು ಹಾಯಿಸಿ ತೊಳೆದ ಮೇಲೆ ಆ 12 ಲೀಟರ್ ಬರೀ ನೀರು. ಅದರ ಮೇಲೆ ಅರ್ಧಕ್ಕರ್ಧ ಗ್ಲೈಕಾಲ್ ಇರುವ 16 ಲೀಟರ್ ರೆಡಿ ಮಿಕ್ಸ್ ಹೊಯ್ದರೆ ಒಳಗೆ ಸೇರುವ ಗ್ಲೈಕಾಲ್ 8 ಲೀಟರ್ ಮಾತ್ರ. 28ಕ್ಕೆ 8 ಅಂದರೆ ಶೇ 29. ಪೂರ್ತಿ ದುಡ್ಡು ಕೊಟ್ಟು ಅರ್ಧ ಕಾವಲು. ಅದೇ ಕಾನ್ಸಂಟ್ರೇಟ್ ಆದರೆ 14 ಲೀಟರ್ ಅದನ್ನು ಹಾಕಿ, ಮೇಲೆ 2 ಲೀಟರ್ ಆರ್‌ಓ ನೀರು ಹೊಯ್ದರೆ ಮುಗಿಯಿತು: ಸರಿಯಾಗಿ ಅರ್ಧಕ್ಕರ್ಧ. ಬೆಲೆ ಹೋಲಿಸುವಾಗಲೂ 5 ಲೀಟರ್ ಕಾನ್ಸಂಟ್ರೇಟನ್ನು 10 ಲೀಟರ್ ರೆಡಿ ಮಿಕ್ಸಿನ ಎದುರು ಇಟ್ಟು ನೋಡಬೇಕು. ಬ್ಲಾಕಿನ ಪಕ್ಕದ ಡ್ರೇನ್ ಪ್ಲಗ್ ಬಿಚ್ಚಿದರೆ ಬಹುಪಾಲು ಖಾಲಿಯಾಗುತ್ತದೆ, ಆಗ ಎರಡೂ ಒಂದೇ. ಆದರೆ ತುಕ್ಕು ಹಿಡಿದ ಆ ಪ್ಲಗ್ ತಿರುಗಿಸುವ ತಾಳ್ಮೆ ಎಷ್ಟು ಗ್ಯಾರೇಜಿಗಿದೆ?

ಗ್ಲೈಕಾಲ್ ಶೇ 30ಕ್ಕಿಂತ ಇಳಿದರೆ ತುಕ್ಕು ತಡೆಯುವ ಅಂಶ ಸಾಲದು. ಶೇ 60 ದಾಟಿದರೆ ಮಿಶ್ರಣ ಮಂದವಾಗಿ ಶಾಖ ಹೊರುವ ಶಕ್ತಿ ಕುಗ್ಗುತ್ತದೆ, ನೀರು ಬೆರೆಸದೆ ಬರೀ ಕಾನ್ಸಂಟ್ರೇಟ್ ಸುರಿದ ಗಾಡಿ ಅದಕ್ಕೇ ಹೀಟಾಗುವುದು. ಗಾಡಿಯ ಮ್ಯಾನುವಲ್ ಹೇಳಿದ ಪ್ರಮಾಣವೇ ಕೊನೆಯ ಮಾತು.

ಮೂರನೇ ಕ್ಯಾನಿನ ಬಂಡವಾಳ ಬಯಲು ಮಾಡಲು ರಿಫ್ರಾಕ್ಟೋಮೀಟರ್ ಎಂಬ ಗೇಣುದ್ದದ ಕೊಳವೆ ಸಾಕು. ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ಇಣುಕಿ. ನೀಲಿ-ಬಿಳಿ ಸೇರುವ ಗೆರೆ ಎಥಿಲೀನ್ ಗ್ಲೈಕಾಲ್ ಪಟ್ಟಿಯಲ್ಲಿ ಮೈನಸ್ 37ರ ಹತ್ತಿರ ನಿಂತರೆ ಅರ್ಧಕ್ಕರ್ಧ ಮಾಲು. ಮೈನಸ್ 18ಕ್ಕೆ ನಿಂತರೆ ಮೂರನೇ ಒಂದು ಪಾಲು. ಸೊನ್ನೆಯ ಹತ್ತಿರವೇ ಒದ್ದಾಡುತ್ತಿದ್ದರೆ ಬಣ್ಣದ ನೀರು. ಮೇ ತಿಂಗಳ ರಾಯಚೂರಿನಲ್ಲಿ ನಿಂತು ಹೆಪ್ಪುಗಟ್ಟುವ ಲೆಕ್ಕ ಓದುವುದು ತಮಾಷೆಯಾಗಿ ಕಾಣಬಹುದು, ಗ್ಲೈಕಾಲ್ ಎಷ್ಟಿದೆ ಎಂದು ಅಳೆಯಲು ಅದೇ ದಾರಿ. ಬಣ್ಣ ನೋಡಿ ಮಾತ್ರ ತೀರ್ಮಾನಿಸಬೇಡಿ. ಹಸಿರು, ಕೆಂಪು, ಕಿತ್ತಳೆ ಎಲ್ಲ ಆಯಾ ಕಂಪನಿಯ ಇಷ್ಟ. ಹಳೆ ಬಗೆಯದಕ್ಕೆ ಲಾಂಗ್ ಲೈಫ್ ಬಗೆಯದು ಬೆರೆಸಿದರೆ ಎರಡರ ಆಯುಷ್ಯವೂ ಹೋಗುತ್ತದೆ, ಕೆಲವು ಸಲ ಗಂಜಿಯಂತೆ ಗಟ್ಟಿಯಾಗಿ ಟ್ಯೂಬ್ ಕಟ್ಟುತ್ತದೆ.

ತುಂಬುವ ಕ್ರಮದಲ್ಲಿ ಆಗುವ ತಪ್ಪೆಂದರೆ ಅವಸರ. ಕೊನೆಯ ತೊಳೆತ ಆರ್‌ಓ ನೀರಿನದೇ ಇರಲಿ, ಇಲ್ಲದಿದ್ದರೆ ಬ್ಲಾಕಿನಲ್ಲಿ ಉಳಿಯುವ 12 ಲೀಟರೂ ಸವುಳು. ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಕ್ಯಾಬಿನ್ ಹೀಟರ್ ಇದ್ದರೆ ಅದರ ವಾಲ್ವ್ ತೆರೆದು, ಸಣ್ಣ ಧಾರೆಯಲ್ಲಿ ಹೊಯ್ಯಿರಿ. ಸ್ಕ್ರೂ ಬಾಯಲ್ಲಿ ಗುಳ್ಳೆ ನಿಂತು ನೀರೇ ಬಂದಾಗ ಬಿಗಿ ಮಾಡಿ, ಗಾಡಿ ಐಡಲ್‌ನಲ್ಲಿ ಬಿಡಿ. ಬಿಸಿ ನೋಡಿ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಸಾಮಾನ್ಯವಾಗಿ 82 ಡಿಗ್ರಿ ಆಸುಪಾಸಿನಲ್ಲಿ ತೆರೆಯಲು ಶುರುವಾಗುತ್ತದೆ. ಆಗ ಮೇಲಿನ ಹೋಸ್ ಬಿಸಿಯಾಗಿ, ಟ್ಯಾಂಕಿನ ಮಟ್ಟ ಗಬಕ್ಕನೆ ಇಳಿಯುತ್ತದೆ. ಇಂಜಿನ್ ಆರಿಸಿ, ತಣಿದ ಮೇಲೆ ಮತ್ತೆ ತುಂಬಿ. ಈ ಎರಡನೇ ಸುತ್ತು ಬಿಟ್ಟ ಗಾಡಿಯೇ ಮರುದಿನ ಏರ್‌ಲಾಕ್ ಆಗಿ ಘಾಟಿಯಲ್ಲಿ ನಿಲ್ಲುವುದು.

ಒಳ್ಳೆ ಕೂಲಂಟ್ ಹಾಕಿಯೂ ಗೇಜ್ ಏರುತ್ತಿದ್ದರೆ ಡಬ್ಬಿಯನ್ನು ಬೈಯಬೇಡಿ. ಅದಿರು ಗಾಡಿಗಳಲ್ಲಿ ಮೊದಲ ಅನುಮಾನ ಕೆಂಧೂಳು. ಟರ್ಬೋ ಗಾಳಿ ತಣಿಸುವ ಇಂಟರ್‌ಕೂಲರ್ ಮುಂದೆ, ರೇಡಿಯೇಟರ್ ಹಿಂದೆ. ಇವೆರಡರ ಸಂದಿಯಲ್ಲಿ ಧೂಳು, ಆಯಿಲ್ ಜಿಡ್ಡು ಸೇರಿ ಕೆಂಪು ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಫಳಫಳ. ಸಂದಿಗೆ ಟಾರ್ಚ್ ಬಿಟ್ಟು ನೋಡಿ, ಇಂಟರ್‌ಕೂಲರ್ ಬೋಲ್ಟ್ ಸಡಿಲಿಸಿ, ಫ್ಯಾನಿನ ಕಡೆಯಿಂದ ಹೊರಮುಖವಾಗಿ ಕಡಿಮೆ ಒತ್ತಡದ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಕಸ ಇನ್ನಷ್ಟು ಒಳಗೆ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಗನ್ನನ್ನು ಹತ್ತಿರ ಹಿಡಿದರೆ ಫಿನ್‌ಗಳು ಮಡಚಿ ಗಾಳಿಯ ದಾರಿ ಕಾಯಮ್ಮಾಗಿ ಮುಚ್ಚುತ್ತದೆ.

ಕ್ಯಾಪಿನ ರಬ್ಬರ್ ಬಿರಿದಿದ್ದರೆ ಬದಲಿಸಿ. ಒತ್ತಡ ನಿಲ್ಲದಿದ್ದರೆ 128ರ ಲೆಕ್ಕ 107ಕ್ಕೆ ಇಳಿಯಿತು. ಗಾಡಿ ಬಿಸಿ ಇರುವಾಗ ಇಂಜಿನ್ ಆರಿಸಿ, ಬೀಗದ ಕೈ ತೆಗೆದುಕೊಂಡು, ವಿಸ್ಕಸ್ ಫ್ಯಾನ್ ಕೈಯಲ್ಲಿ ತಿರುಗಿಸಿ: ತಡೆದು ತಡೆದು ತಿರುಗಬೇಕು, ಗಿರಗಿಟ್ಲೆಯಂತೆ ಸುತ್ತಿದರೆ ಕ್ಲಚ್ಚಿನ ಸಿಲಿಕೋನ್ ಆಯಿಲ್ ಸೋರಿಹೋಗಿದೆ. ಬೇಸಿಗೆ ಬಂತೆಂದರೆ ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮ ಕಡೆಯ ವಾಡಿಕೆ. ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ನೋಡದೆ ಇಂಜಿನ್ನಿಗೇ ವಾಪಸ್ಸು. ಲೋಡಿನಲ್ಲಿ ಇನ್ನೂ ಹೀಟು. ಇನ್ನು ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ಬಿಎಸ್6 ಗಾಡಿಯಲ್ಲಿ ಇಜಿಆರ್ ಕೂಲರ್ (ಇಂಜಿನ್ನಿಗೆ ಮರಳುವ ಹೊಗೆಯನ್ನು ತಣಿಸುವ ಭಾಗ) ಇದ್ದರೆ ಅದನ್ನು ನೋಡಿಸಿ; ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ಸಂಡೂರು ಕಡೆಯ ಏರಿನಲ್ಲಿ ಲೋಡ್ ಸಮೇತ ಮುಳ್ಳು ಕೆಂಪಿಗೆ ಮುಟ್ಟಿದರೆ ಆಕ್ಸಲರೇಟರ್ ಒತ್ತಿ ಹತ್ತಿಸಿಬಿಡುವ ಹಟ ಬೇಡ. ಒಂದು ಗೇರ್ ಇಳಿಸಿ, ಕಾಲು ಸಡಿಲಿಸಿ, ಎಸಿ ಆರಿಸಿ, ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಹಾಕಿ. ನೀರು ಹೊರಗೆ ಹೋಗಿಲ್ಲದಿದ್ದರೆ ತಕ್ಷಣ ಆರಿಸದೆ 1,000 ಆರ್‌ಪಿಎಂ ಸುತ್ತಮುತ್ತ ಎರಡು-ಮೂರು ನಿಮಿಷ ಓಡಿಸಿ. ಫ್ಯಾನು, ಪಂಪು ಕೆಲಸ ಮಾಡಿ ಶಾಖ ಇಳಿಸುತ್ತವೆ, ಟರ್ಬೋಗೂ ಒಳ್ಳೆಯದು. ಹೋಸ್ ಒಡೆದು ಹಬೆ ಬರುತ್ತಿದ್ದರೆ, ಬೆಲ್ಟ್ ಹರಿದಿದ್ದರೆ ಆ ಕ್ಷಣವೇ ಆರಿಸಿ. ಏರಿದ್ದ ಮುಳ್ಳು ತಾನಾಗಿ ಸರ್ರನೆ ಇಳಿದರೆ ನಂಬಬೇಡಿ: ನೀರೇ ಇಲ್ಲದೆ ಸೆನ್ಸರ್ ಗಾಳಿಯಲ್ಲಿ ನಿಂತರೆ ಗೇಜ್ ತಣ್ಣಗಿದೆ ಎಂದೇ ತೋರಿಸುತ್ತದೆ. ಕ್ಯಾಪಿಗೆ ಮುಕ್ಕಾಲು ಗಂಟೆ ಕೈ ಹಚ್ಚಬಾರದು. ಬಟ್ಟೆ ಸುತ್ತಿ ತಿರುಗಿಸಿದರೂ ಮುಖ ಬೇಯುತ್ತದೆ. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ. ತಣಿದ ಮೇಲೆ ಇಂಜಿನ್ ಐಡಲ್‌ನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಹೊಯ್ಯಿರಿ, ಅದಕ್ಕೂ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸುವುದೇ ಅಗ್ಗ.

ಇಂಥ ಹೊತ್ತಿಗೆಂದು ಕ್ಯಾಬಿನ್ನಿನಲ್ಲಿ 5 ಲೀಟರ್ ರೆಡಿ ಮಿಕ್ಸ್ ಇಟ್ಟುಕೊಳ್ಳಿ, ಅದರ ಅಸಲಿ ಉಪಯೋಗ ಇದೇ. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು, ಅಂಗಡಿಯ ಲೀಕ್ ಸ್ಟಾಪ್ ಸುರಿಯುವುದು ಎರಡೂ ಒಂದೇ ಜಾತಿಯ ಉಪಾಯ: ಹತ್ತಿರದ ಊರು ಮುಟ್ಟಿಸುತ್ತದೆ, ಆಮೇಲೆ ತೊಳೆಸದಿದ್ದರೆ ತೂತಿನ ಜೊತೆ ಒಳ್ಳೆ ಟ್ಯೂಬುಗಳನ್ನೂ ಮುಚ್ಚುತ್ತದೆ.

ಇಳಿಸಿದ ಹಳೆ ಕೂಲಂಟನ್ನು ಯಾರ್ಡಿನ ನೆಲಕ್ಕೆ ಬಿಡಬೇಡಿ. ಗ್ಲೈಕಾಲ್ ಸಿಹಿ, ವಿಷ. ಗುಂಡಿಯಲ್ಲಿ ನಿಂತರೆ ನಾಯಿ, ಆಡು, ದನ ಬಾಯಿ ಹಾಕುತ್ತವೆ. ಮಿಕ್ಕಿದ್ದನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿ ಸೀಟಿನ ಹಿಂದೆ ಇಡುವ ಕ್ಲೀನರುಗಳಿಗೂ ಇದನ್ನು ಒಂದು ಮಾತು ಹೇಳಿಡಿ.