ಡಿಕ್ಕಿಯಲ್ಲಿ ಎರಡು ಥರದ ಸಬ್‌ವೂಫರ್: 14 ತಿಂಗಳ ಅನುಭವ

ನನ್ನ ಸ್ವಿಫ್ಟ್‌ನಲ್ಲಿ ನಾಲ್ಕು ವರ್ಷದಿಂದ ಸೀಲ್ಡ್ ಬಾಕ್ಸಿನ (ಎಲ್ಲಾ ಕಡೆ ಮುಚ್ಚಿದ ಪೆಟ್ಟಿಗೆಯ) 12 ಇಂಚಿನ ಸಬ್ (ಸಬ್‌ವೂಫರ್, ಆಳದ ಬೇಸ್ ನುಡಿಸುವ ಸ್ಪೀಕರ್) ಇದೆ. ಗದಗಿನ ಕಾಕಾ ಹಳೇ ಕಾರು ಮಾರುವಾಗ ತಮ್ಮ 10 ಇಂಚಿನದನ್ನು ಬಾಕ್ಸ್ ಸಮೇತ ಬಿಚ್ಚಿ, "ತಗೋಪಾ, ನಿನ್ನ ಗಾಡಿಗೆ ಹಾಕ್ಕೋ" ಅಂತ ಕೊಟ್ಟರು. ಅದು ಪೋರ್ಟ್ (ಗಾಳಿ ಒಳಗೆ ಹೊರಗೆ ಆಡುವ ಕಿಂಡಿ) ಇರುವ ಬಾಕ್ಸ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎರಡನ್ನೂ ಒಂದೇ ಮೋನೋ ಆಂಪ್‌ಗೆ (ಒಂದೇ ಚಾನೆಲ್ಲಿನ ಆಂಪ್ಲಿಫೈಯರ್) ಜೋಡಿಸಿದರು. "ಬೇಸ್ ಡಬಲ್ ಆಗತೈತ್ರಿ" ಅಂದರು. ನಾನೂ ನಂಬಿದೆ.

ಮೊದಲ ವಾರ ಖುಷಿಯೋ ಖುಷಿ. ಧಾರವಾಡಕ್ಕೆ ಹೋಗಿಬರುವಾಗ ಸೀಟೇ ನಡುಗುತ್ತಿತ್ತು. ಆಮೇಲೆ ಒಂದು ಭಾನುವಾರ ಅಣ್ಣಿಗೇರಿ ದಾಟಿ ಗದಗಿಗೆ ಹೋಗುತ್ತಾ ಜಗ್ಗಲಿಗೆ (ದೊಡ್ಡ ಚರ್ಮವಾದ್ಯ) ಮೇಳದ ರೆಕಾರ್ಡಿಂಗ್ ಹಾಕಿದೆ. ಹೋಳಿ ಹೊತ್ತಿಗೆ ನಮ್ಮೂರಲ್ಲಿ ಜಗ್ಗಲಿಗೆ ಎದೆಗೆ ಬಡಿಯುವುದು ಹೇಗೆ ಅಂತ ನಮಗೆ ಗೊತ್ತಲ್ವಾ? ಕಾರಿನಲ್ಲಿ ಪೆಟ್ಟು ಕೇಳುತ್ತಿತ್ತು, ಅದರ ಹಿಂದಿನ ಆಳದ ಗುಡುಗು ಇರಲಿಲ್ಲ. 12 ಇಂಚಿನದೊಂದೇ ಇದ್ದಾಗ ಅದು ಇತ್ತು.

ಮನೆ ಮುಂದೆ ಗಾಡಿ ನಿಲ್ಲಿಸಿ ಫೋನಿನಿಂದ ಟೋನ್ ಹಾಕುತ್ತಾ ಕೂತೆ. ಹರ್ಟ್ಜ್ ಕಡಿಮೆಯಾದಷ್ಟೂ ದನಿ ಆಳ. 50 ಹರ್ಟ್ಜ್ ಜೋರು. 40ರಲ್ಲೂ ಪರವಾಗಿಲ್ಲ. 30ಕ್ಕೆ ಇಳಿಸಿದರೆ ದನಿಯೇ ಸೊರಗಿತು. 10 ಇಂಚಿನದರ ಕೋನ್ (ಸ್ಪೀಕರಿನ ನಡುಗುವ ಭಾಗ) ಮಾತ್ರ ಸುಮ್ನೆ ಒಳಗೆ ಹೊರಗೆ ಹಾರುತ್ತಿತ್ತು. ಪೋರ್ಟಿಗೆ ಅಂಗೈ ಹಿಡಿದರೆ ಫುಸ್ ಫುಸ್ ಗಾಳಿ. ಅದರ ವೈರ್ ಕಿತ್ತೆ. ಒಂದೇ ಸಬ್‌ನಲ್ಲಿ 30 ಹರ್ಟ್ಜ್ ಮೊದಲಿಗಿಂತ ಚೆನ್ನಾಗಿ ಕೇಳಿತು!

ಕಾರಣ ಇಷ್ಟೇ. ಪೋರ್ಟ್ ಬಾಕ್ಸನ್ನು ಟ್ಯೂನ್ ಮಾಡಿದ ಹರ್ಟ್ಜ್‌ಗಿಂತ ಕೆಳಗೆ ಅದರ ದನಿ ಸೀಲ್ಡ್ ಬಾಕ್ಸಿನ ದನಿಗೆ ಉಲ್ಟಾ ಬೀಳುತ್ತದೆ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಪೋರ್ಟಿನ ಸಬ್ ಉಳಿಯಬೇಕೆಂದರೆ ಆಂಪ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ (ತೀರಾ ಆಳದ ದನಿಯನ್ನು ಕತ್ತರಿಸುವುದು) ಏರಿಸಬೇಕು. ಆಂಪ್ ಒಂದೇ ಆದ್ದರಿಂದ 12 ಇಂಚಿನದರ ಆಳದ ಬೇಸೂ ಕತ್ತರಿಸಿ ಹೋಗುತ್ತದೆ. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಇದಕ್ಕೆ.

10 ಇಂಚಿನದರ ಪ್ಲಸ್ ಮೈನಸ್ ಅದಲು ಬದಲು ಮಾಡಿಯೂ ನೋಡಿದೆ. ಆಳದ ಬೇಸ್ ಸ್ವಲ್ಪ ವಾಪಸ್ ಬಂತು, ಆದರೆ 50ರಿಂದ 70 ಹರ್ಟ್ಜ್ ಖಾಲಿ ಖಾಲಿ. ತಬಲಾ ಕೇಳಿದರೆ ಡಗ್ಗಾದ (ಎಡಗೈಯ ದೊಡ್ಡ ವಾದ್ಯ) ಮೇಲೆ ಅಂಗೈ ಒತ್ತಿ ಜಾರಿಸುವ ನಾದ ನಡುವೆಯೇ ಸಣ್ಣಗಾಗುತ್ತಿತ್ತು. ಧಾರವಾಡದಲ್ಲಿ ಬೆಳೆದ ಕಿವಿಗೆ ಅದು ಸಹಿಸಲಾಗದು.

ಓಮ್ (ವಿದ್ಯುತ್ ತಡೆ) ಲೆಕ್ಕವನ್ನೂ ನೋಡಿಕೊಳ್ಳಿ. 4 ಓಮಿನ ಎರಡು ಸಬ್ ಪ್ಯಾರಲಲ್ ಆದರೆ ಆಂಪ್‌ಗೆ 2 ಓಮ್ ಕಾಣುತ್ತದೆ. ಆಂಪ್ ಅದನ್ನು ತಾಳಿಕೊಳ್ಳಬೇಕು. ಬೇರೆ ಬೇರೆ ಸಬ್‌ಗಳನ್ನು ಒಂದೇ ಬಾಕ್ಸಿನ ಗಾಳಿಗೆ ಮಾತ್ರ ಕೂರಿಸಲೇಬೇಡಿ. ಬಲವಾದದ್ದು ಇನ್ನೊಂದರ ಕೋನನ್ನು ನೂಕಾಡುತ್ತದೆ.

ಬೆರೆಸಲೇಬೇಕು ಅನ್ನುವವರು ಎರಡಕ್ಕೂ ಬೇರೆ ಬೇರೆ ಆಂಪ್ ಚಾನೆಲ್ ಕೊಟ್ಟು, ಡಿಎಸ್‌ಪಿ (ದನಿಯನ್ನು ಡಿಜಿಟಲ್ ಆಗಿ ಹೊಂದಿಸುವ ಸಾಧನ) ಹಾಕಿಸಿ, ಡಿಲೇ (ದನಿ ತಡವಾಗಿಸುವುದು) ಮತ್ತು ಫಿಲ್ಟರ್ ಪ್ರತ್ಯೇಕವಾಗಿ ಹೊಂದಿಸಿ. ಆ ದುಡ್ಡಿಗೆ ಅದೇ ಮಾಡೆಲ್ಲಿನ ಇನ್ನೊಂದು ಸಬ್ ಸಿಗುವುದಾದರೆ ನಾನು ಅದನ್ನೇ ತಗೊಳ್ಳುತ್ತೇನೆ.

ಎಂಟು ತಿಂಗಳಿಂದ 12 ಇಂಚಿನದೊಂದೇ ಇದೆ, ಲೋ ಪಾಸ್ (ಮೇಲಿನ ದನಿ ಕತ್ತರಿಸುವ ಫಿಲ್ಟರ್) 80 ಹರ್ಟ್ಜ್‌ಗೆ. ಡಿಕ್ಕಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಚೀಲಕ್ಕೂ ಜಾಗ ಆಗಿದೆ. ಕಾಕಾ ಕೊಟ್ಟದ್ದನ್ನು ತಮ್ಮನ ಕಾರಿಗೆ ಹಾಕಿಸಿದೆ. ಅಲ್ಲಿ ಅದೊಂದೇ ಇರುವುದರಿಂದ ಬಹಳ ಚೆನ್ನಾಗಿ ನುಡಿಯುತ್ತಿದೆ.