ಸಂದೇಶಗಳ ಸಂಕ್ಷಿಪ್ತ ರೂಪಗಳಿಗೊಂದು ಕಿರುಹೊತ್ತಗೆ: ಕಾಕಾ ಅವರ ಕೈಯಲ್ಲಿ ಕಂಡಂತೆ

ವಿಜಯಪುರದ ಗಾಂಧಿ ಚೌಕದ ಹತ್ತಿರ ಪತ್ರಿಕೆ ಮಾರುವ ಅಂಗಡಿಯೊಂದರಲ್ಲಿ, ಮೊಬೈಲ್ ಸಂದೇಶಗಳ ಸಂಕ್ಷಿಪ್ತ ರೂಪಗಳಿಗೆ ಕನ್ನಡದಲ್ಲಿ ಅರ್ಥ ಕೊಡುವ ಕಿರುಹೊತ್ತಗೆಯೊಂದನ್ನು 40 ರೂಪಾಯಿಗೆ ಕೊಂಡೆ. ತಿಕೋಟಾ ಕಡೆಯ ಹಳ್ಳಿಯಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ ಅವರಿಗಾಗಿಯೇ ಕೊಂಡದ್ದರಿಂದ, ಅವರಿಗೆ ಅದು ಎಷ್ಟು ಉಪಯೋಗಕ್ಕೆ ಬಂತು ಎಂಬುದೇ ಇಲ್ಲಿ ನನ್ನ ಅಳತೆಗೋಲು.

ಅಕ್ಷರಗಳು ದಪ್ಪವಾಗಿವೆ, ಕಾಗದವೂ ಗಟ್ಟಿಯಾಗಿದೆ. ಒಂದು ಸಂದೇಶಕ್ಕೆ 160 ಅಕ್ಷರಗಳ ಮಿತಿ ಇದ್ದುದರಿಂದ ಪದಗಳನ್ನು ಮೊಟಕುಗೊಳಿಸುವ ರೂಢಿ ಬೆಳೆಯಿತು ಎಂಬ ಮುನ್ನುಡಿಯ ವಿವರಣೆ ಚೆನ್ನಾಗಿದೆ. ಆದರೆ ಕನ್ನಡ ಲಿಪಿಯಲ್ಲಿ ಬರೆದಾಗ ಆ ಮಿತಿ 70ಕ್ಕೆ ಇಳಿಯುತ್ತದೆ, ಕಾಗುಣಿತದ ಚಿಹ್ನೆಗಳೂ ಅದರಲ್ಲಿ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಕನ್ನಡಿಗರಿಗಾಗಿ ಬರೆದ ಪುಸ್ತಕ ಹೇಳದೆ ಬಿಡಬಾರದಿತ್ತು. ಒಎಂಜಿ (ಓ ಮೈ ಗಾಡ್, ಅಂದರೆ ‘ಅಯ್ಯೋ ದೇವರೇ’) ಎಂಬುದು ಇಂದಿನ ಹುಡುಗರ ಸೃಷ್ಟಿ ಎಂದಿರುವುದೂ ತಪ್ಪು. 1917ರಲ್ಲಿ ಬ್ರಿಟಿಷ್ ನೌಕಾಪಡೆಯ ಲಾರ್ಡ್ ಫಿಶರ್ ಅವರು ಚರ್ಚಿಲ್ ಅವರಿಗೆ ಬರೆದ ಪತ್ರದಲ್ಲಿಯೇ ಅದು ಕಾಣಸಿಗುತ್ತದೆ.

ನನಗೆ ಬಹಳ ಹಿಡಿಸಿದ್ದು ಆರ್‌ಐಪಿ ಕುರಿತ ಪುಟ. ‘ಶಾಂತಿಯಲ್ಲಿ ವಿಶ್ರಮಿಸಲಿ’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದು ಬಂದಿತೆಂದು ತಿಳಿಸಿ, ನಮ್ಮ ಭಾಗದಲ್ಲಿ ತೀರಿಕೊಂಡವರ ಹೆಸರಿನ ಮೊದಲು ಬರೆಯುವ ‘ಲಿಂ.’ ಎಂಬುದನ್ನೂ, ಲಗ್ನಪತ್ರಿಕೆಯ ‘ಚಿ. ಕುಂ. ಸೌ.’ ಎಂಬುದನ್ನೂ ಅದರ ಜೊತೆಗಿಟ್ಟು ತೋರಿಸಿದ್ದಾರೆ. ಸಂಕ್ಷೇಪವೆಂಬುದು ಮೊಬೈಲಿನೊಂದಿಗೆ ಬಂದ ಹೊಸ ಸಂಗತಿಯೇನಲ್ಲ ಎಂದು ಹಿರಿಯರಿಗೆ ಅದನ್ನು ಓದಿದೊಡನೆ ಧೈರ್ಯ ಬರುತ್ತದೆ.

ಹೊತ್ತಗೆ ನಿಜವಾಗಿ ಸೋಲುವುದು ಬ್ಯಾಂಕಿನ ಸಂದೇಶಗಳಲ್ಲಿ. ಹರಟೆಯ ಮಾತುಗಳಿಗೆ ಮುಕ್ಕಾಲು ಪುಸ್ತಕವನ್ನು ಬಿಟ್ಟುಕೊಟ್ಟು, ರೈತರು ದಿನವೂ ನೋಡುವ ಈ ಸಂದೇಶಗಳಿಗೆ ಎರಡೇ ಪುಟ ಮೀಸಲಿಟ್ಟಿದ್ದಾರೆ. ಅದರಲ್ಲಿಯೂ ಸಿಆರ್ ಎಂದರೆ ‘ಕೋಟಿ’ ಎಂಬ ಒಂದೇ ಅರ್ಥವಿದೆ. ಪತ್ರಿಕೆಗಳ ತಲೆಬರಹದಲ್ಲಿ ಅದು ಸರಿ; ಬ್ಯಾಂಕಿನ ಸಂದೇಶದಲ್ಲಿ ಸಿಆರ್ ಎಂದರೆ ಖಾತೆಗೆ ಜಮಾ, ಡಿಆರ್ ಎಂದರೆ ಖರ್ಚು. ಒಣದ್ರಾಕ್ಷಿ ಮಾರಿದ ಹಣ ಜಮಾ ಆದಾಗ ಬಂದ ಸಂದೇಶವನ್ನು ಕಾಕಾ ಅವರು ಈ ಪುಸ್ತಕ ತೆರೆದು ಓದಿ, ಇದು ಮೋಸಗಾರರ ಸಂದೇಶವೇ ಇರಬೇಕೆಂದು ಹೆದರಿ, ಕೆಲಸ ಬಿಟ್ಟು ಬ್ಯಾಂಕಿಗೆ ಬಂದು ವಿಚಾರಿಸಿಕೊಂಡು ಹೋದರು. ಒಟಿಪಿ ಎಂಬುದಕ್ಕೆ ‘ಒಂದು ಸಲದ ಗುಪ್ತಸಂಖ್ಯೆ’ ಎಂದು ಸರಿಯಾದ ಅರ್ಥವನ್ನೇ ಕೊಟ್ಟಿದ್ದರೂ, ಬ್ಯಾಂಕಿನವರೆಂದು ಹೇಳಿಕೊಂಡು ಕೇಳಿದವರಿಗೂ ಅದನ್ನು ಹೇಳಕೂಡದೆಂಬ ಒಂದು ಸಾಲು ಇಲ್ಲದಿರುವುದು ನನಗೆ ಕ್ಷಮಿಸಲಾಗದ ಲೋಪವಾಗಿ ತೋರುತ್ತದೆ.

ಮೊಮ್ಮಕ್ಕಳ ಸಂದೇಶಗಳನ್ನು ಓದಿ ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ 40 ರೂಪಾಯಿ ಹೆಚ್ಚೇನಲ್ಲ. ಹಣದ ವ್ಯವಹಾರಕ್ಕಾಗಿ ಬೇಕೆನ್ನುವವರಿಗೆ ಈ ಮುದ್ರಣವನ್ನು ಕೊಳ್ಳಿರೆಂದು ನಾನು ಹೇಳಲಾರೆ. ಕಾಕಾ ಅವರ ಪ್ರತಿಯ ಕೊನೆಯ ಖಾಲಿ ಹಾಳೆಯಲ್ಲಿ ಸಿಆರ್, ಡಿಆರ್, ಒಟಿಪಿಗಳ ವಿವರವನ್ನೂ, ಸಂದೇಶ ಕಳುಹಿಸಿದವರ ಹೆಸರಿನ ಕೊನೆಗೆ ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರ ಎಂಬುದನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ಅವರು ಈಗ ಮೊದಲು ತೆರೆಯುವುದು ಆ ಹಾಳೆಯನ್ನೇ.