ತುಟಿಯ ಗುಳ್ಳೆಗೆ ಸಿಕ್ಕಿದ ಟ್ಯೂಬ್ ಹಚ್ಚಿದೆ, ಪೆಟ್ಟು ಬಿದ್ದಿದ್ದು ಕಣ್ಣಿಗೆ

ತುಟಿ ಅಂಚಿನಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವಲ್ಲ, ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಯಾವುದೋ ಕ್ರೀಮ್ ದಯವಿಟ್ಟು ಹಚ್ಚಬೇಡಿ. ಅದರ ಹಿಂದೆಯೇ ಕಣ್ಣು ಕೆಂಪಾದರೆ ಯಾವುದೋ ಡ್ರಾಪ್ಸ್ ಹಾಕಬೇಡಿ. ನಾನು ಎರಡನ್ನೂ ಮಾಡಿದೆ. ಇವತ್ತಿಗೂ ರಾತ್ರಿ ಎದುರಿಗೆ ಲಾರಿ ಬಂದರೆ ಎಡಗಣ್ಣಿಗೆ ಅದರ ಲೈಟು ಚದುರಿದ ಹಾಗೆ ಕಾಣುತ್ತದೆ.

ನನ್ನದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಕೆಲಸ. ಬಳ್ಳಾರಿಯಿಂದ ಬೈಕಿನಲ್ಲಿ ಹೊರಟರೆ ಒಂದು ದಿನ ಕುರುಗೋಡು, ಸಿರುಗುಪ್ಪ, ಇನ್ನೊಂದು ದಿನ ಸಂಡೂರು ಕಡೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಲೇಜು ದಿನಗಳಿಂದ ವರ್ಷಕ್ಕೆ ಒಂದೆರಡು ಸಲ ಈ ಗುಳ್ಳೆ ಬರುತ್ತಿತ್ತು. ಜ್ವರ ಬಂದಾಗ, ನಿದ್ದೆಗೆಟ್ಟಾಗ, ಬಿಸಿಲಲ್ಲಿ ಜಾಸ್ತಿ ಅಲೆದಾಗ. "ಹೀಟ್ ಆಗೈತಿ, ಮಜ್ಜಿಗಿ ಕುಡಿ" ಅನ್ನೋಳು ಅವ್ವ. ಕುಡಿಯುತ್ತಿದ್ದೆ. ವಾರ ಹತ್ತು ದಿನಕ್ಕೆ ಹಕ್ಕಳೆ ಕಟ್ಟಿ ಉದುರಿ ಹೋಗುತ್ತಿತ್ತು. ಅದು ತಾನಾಗಿಯೇ ಒಣಗುವ ಗುಳ್ಳೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಆ ಸಲ ನಾದಿನಿಯ ಮಗುವಿನ ತೊಟ್ಟಿಲು ಕಾರ್ಯಕ್ಕೆ ನಾಲ್ಕೇ ದಿನ ಇತ್ತು. ಬೇಗ ಹೋಗಲಿ ಅಂತ ಅವಸರ ನನಗೆ. ಮೆಡಿಕಲ್ ಶಾಪಿನ ಹುಡುಗ ತುಟಿ ನೋಡಿದ, ಒಂದು ಪ್ರಶ್ನೆಯನ್ನೂ ಕೇಳದೆ ಟ್ಯೂಬ್ ಕೊಟ್ಟ. "ಹುಳುಕಡ್ಡಿ, ತುರಿಕೆ, ಗುಳ್ಳೆ, ಎಲ್ಲದಕ್ಕೂ ಆಗತ್ತೆ ಅಣ್ಣ. ಎಲ್ಲರೂ ಇದನ್ನೇ ಒಯ್ತಾರೆ." ಒಂದು ದಿನದಲ್ಲಿ ಉರಿ ಇಳಿಯಿತು, ಕೆಂಪು ಕಡಿಮೆಯಾಯಿತು. ಒಳ್ಳೇ ಔಷಧಿ ಅಂದುಕೊಂಡೆ. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನೋಡಿಕೊಂಡರೆ ಗುಳ್ಳೆ ಮೂಗಿನ ಹೊಳ್ಳೆ ತನಕ ಹತ್ತಿತ್ತು.

ಹಾಗೇ ಕಾರ್ಯಕ್ಕೆ ಹೋದೆ. ಮಗು ಎತ್ತಿಕೊಳ್ಳಲು ಕೈ ಚಾಚಿದರೆ ಅತ್ತೆ ಅಡ್ಡ ನಿಂತರು. "ಬಾಯಿಗೆ ಗುಳ್ಳೆ ಆಗ್ಯಾವು, ಕೂಸಿನ ಹತ್ರ ಬ್ಯಾಡ್ರಿ ಅಳಿಯಂದಿರೇ." ಎಲ್ಲರ ಮುಂದೆ ಅಂದದ್ದಕ್ಕೆ ನೋವಾಯಿತು. ಇವತ್ತು ಅವರಿಗೆ ಕೈಮುಗಿಯುತ್ತೇನೆ. ಹುಟ್ಟಿ ಕೆಲವೇ ವಾರ ಆದ ಮಗುವಿಗೆ ಈ ಗುಳ್ಳೆ ತರುವ ವೈರಸ್ ತಗುಲಿದರೆ ಮಿದುಳಿಗೆ, ಲಿವರಿಗೆ ಹೋಗಿ ಜೀವಕ್ಕೇ ಅಪಾಯ ಆಗಬಹುದು. ಗುಳ್ಳೆ ಪೂರ್ತಿ ಒಣಗುವ ತನಕ ಎಳೆಮಗುವಿಗೆ ಮುತ್ತು ಕೊಡಬೇಡಿ. ಯಾರು ಏನೇ ಅಂದುಕೊಳ್ಳಲಿ, ಕೊಡಬೇಡಿ.

ಆಮೇಲೆ ಕಣ್ಣು. ಸಂಡೂರಿನಿಂದ ಬರುವಾಗ ಎಡಗಣ್ಣಲ್ಲಿ ಮರಳು ಸಿಕ್ಕ ಹಾಗೆ ಚುಚ್ಚತೊಡಗಿತು. ಆ ರಸ್ತೆಯಲ್ಲಿ ಅದಿರಿನ ಧೂಳು ಇದ್ದದ್ದೇ, ಅದೇ ಇರಬೇಕು ಅಂತ ಉಜ್ಜಿಕೊಂಡೆ. ಗುಳ್ಳೆ ಮುಟ್ಟಿದ ಬೆರಳಲ್ಲೇ ಉಜ್ಜಿಕೊಂಡಿರಬೇಕು ನಾನು. ಅದೇ ಅಂಗಡಿಯಲ್ಲಿ ಡ್ರಾಪ್ಸ್ ತಗೊಂಡೆ. ಹಾಕಿದ ಮೊದಲೆರಡು ದಿನ ಹಾಯ್ ಅನಿಸಿತು. ನಂತರ ಕಿಟಕಿ ಬೆಳಕು ನೋಡೋಕೆ ಆಗದಷ್ಟು ನೋವು, ನೀರು ಸುರಿಯೋದು, ಮಂಜು ಕವಿದ ಹಾಗೆ ದೃಷ್ಟಿ.

ಕಣ್ಣಿನ ಡಾಕ್ಟರು ಮೊದಲು ಹತ್ತಿ ಹೊಸೆದು ಕೂದಲೆಳೆಯಷ್ಟು ತೆಳ್ಳಗೆ ಮಾಡಿ ಅದರ ತುದಿಯನ್ನು ಕರಿಗುಡ್ಡೆಗೆ ತಾಗಿಸಿದರು. ಬಲಗಣ್ಣು ತಟ್ಟನೆ ಮುಚ್ಚಿಕೊಂಡಿತು. ಎಡಗಣ್ಣಿಗೆ ತಾಗಿಸಿದ್ದು ನನಗೆ ಸರಿಯಾಗಿ ಗೊತ್ತೇ ಆಗಲಿಲ್ಲ. ಈ ವೈರಸ್ ಕಣ್ಣಿನ ಸ್ಪರ್ಶವನ್ನೂ ಮಂಕು ಮಾಡುತ್ತದಂತೆ. ಆಮೇಲೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿ ತಾಗಿಸಿ ನೀಲಿ ಲೈಟಿನಲ್ಲಿ ಫೋಟೋ ತೆಗೆದು ತೋರಿಸಿದರು. ಕರಿಗುಡ್ಡೆ ಮೇಲೆ ಒಣಗಿದ ಜಾಲಿ ಕೊಂಬೆಯ ಹಾಗೆ ಕವಲೊಡೆದ ಹಸಿರು ಗೆರೆ. "ಯಾವ ಡ್ರಾಪ್ಸ್ ಹಾಕಿದ್ರಿ?" ಅಂತ ಕೇಳಿ, ಬಾಟಲಿ ತಿರುಗಿಸಿ ನೋಡಿ ಸುಮ್ಮನಾದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ತುಟಿಗೆ ಹಚ್ಚಿದ ಟ್ಯೂಬಿನಲ್ಲೂ ಇತ್ತು.

ಅವರು ವಿವರಿಸಿದ ಮೇಲೆ ನನಗೆ ಅರ್ಥ ಆಗಿದ್ದು ಇಷ್ಟು. ತುಟಿಯ ಈ ಗುಳ್ಳೆ ಉಷ್ಣದ್ದಲ್ಲ, ಹರ್ಪಿಸ್ ಸಿಂಪ್ಲೆಕ್ಸ್ ಅನ್ನೋ ವೈರಸ್ಸಿಂದ ಬರೋದು. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಮನೆಯವರ ಮುತ್ತಿನಿಂದ, ಎಂಜಲಿನಿಂದ ಬಂದಿರುತ್ತದೆ. 50 ವರ್ಷದೊಳಗಿನವರಲ್ಲಿ ಜಗತ್ತಿನಾದ್ಯಂತ ಸುಮಾರು 380 ಕೋಟಿ ಜನರಿಗೆ ಇದರ ಒಂದನೇ ಬಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾಗಿ ಹರ್ಪಿಸ್ ಅಂದ ತಕ್ಷಣ ಲೈಂಗಿಕ ಸಂಪರ್ಕದಿಂದಲೇ ಬಂದದ್ದು ಅಂದುಕೊಂಡು ಯಾರ ನಡತೆ ಮೇಲೂ ಅನುಮಾನ ಪಡಬೇಡಿ. ಒಮ್ಮೆ ಬಂದರೆ ಮುಖದ ನರದ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ಬಿಸಿಲು, ಜ್ವರ, ಆಯಾಸ, ಕೆಲವು ಹೆಂಗಸರಿಗೆ ಮುಟ್ಟಿನ ದಿನಗಳು, ಇಂಥದ್ದೇನಾದರೂ ನೆಪ ಸಿಕ್ಕಾಗ ತುಟಿಗೆ ಬರುತ್ತದೆ. ಅದನ್ನು ತಡೆದು ಹಿಡಿಯೋದು ನಮ್ಮ ಮೈಯ ರೋಗನಿರೋಧಕ ಶಕ್ತಿ. ಸ್ಟೀರಾಯ್ಡ್ ಹಚ್ಚಿದರೆ ಆ ಶಕ್ತಿಯನ್ನೇ ಅಲ್ಲಿ ಕಟ್ಟಿಹಾಕಿದ ಹಾಗೆ. ಕೆಂಪು, ಉರಿ ಇಳಿಯುತ್ತದೆ, ವೈರಸ್ ಮಾತ್ರ ಬೆಳೆಯುತ್ತಾ ಹೋಗುತ್ತದೆ. ನನ್ನನ್ನು ಮೋಸ ಮಾಡಿದ್ದು ಆ ಮೊದಲ ದಿನದ ಆರಾಮ.

ಡ್ರಾಪ್ಸ್ ನಿಲ್ಲಿಸಿ, ಈ ವೈರಸ್ ಬೆಳೆಯದಂತೆ ತಡೆಯುವ ಏಸಿಕ್ಲೋವಿರ್ ಅನ್ನೋ ಔಷಧಿಯ ಕಣ್ಣಿನ ಮುಲಾಮನ್ನು ದಿನಕ್ಕೆ ಐದು ಸಲ ಹಾಕಿಕೊಂಡೆ, ಮಾತ್ರೆ ನುಂಗಿದೆ. ಮೂರು ವಾರ ಬೈಕ್ ಮುಟ್ಟಲಿಲ್ಲ. ಹುಣ್ಣು ಮಾಯಿತು, ಸಣ್ಣ ಕಲೆ ಉಳಿಯಿತು. ಕಣ್ಣಿಗೆ ಮತ್ತೆ ಬರಬಹುದು ಅಂತಲೂ ಹೇಳಿದ್ದಾರೆ.

ಈಗ ತುಟಿಯಲ್ಲಿ ಜುಮ್ ಜುಮ್ ಅಂತ ಶುರುವಾದರೆ ಸಾಕು, ಗುಳ್ಳೆ ಏಳೋಕೆ ಮೊದಲೇ ಡಾಕ್ಟರು ಬರೆದುಕೊಟ್ಟ ಮಾತ್ರೆ ತಗೋತೇನೆ. ಏಸಿಕ್ಲೋವಿರ್ ಕ್ರೀಮೂ ಇದೆ, ಆದರೆ ಅದು ಆ ಹಂತದಲ್ಲಿ ಹಚ್ಚಿದರಷ್ಟೇ ಸ್ವಲ್ಪ ಉಪಯೋಗ, ಒಂದರ್ಧ ದಿನ ಮೊದಲು ವಾಸಿಯಾಗಬಹುದು ಅಷ್ಟೇ. ಪಿನ್ನಲ್ಲಿ ಚುಚ್ಚಲ್ಲ, ಸುಣ್ಣ ಹಚ್ಚಲ್ಲ. ಗುಳ್ಳೆ ಇರುವಷ್ಟು ದಿನ ನನ್ನ ಟವೆಲ್ಲು, ಲೋಟ ಬೇರೆ. ಮುಲಾಮು ಹಚ್ಚಿದ ಕೂಡಲೇ ಸೋಪಿನಲ್ಲಿ ಕೈ ತೊಳೀತೇನೆ. ಬೈಕ್ ಹತ್ತೋಕೆ ಮುಂಚೆ ಬಿಸಿಲು ತಡೆಯುವ, ಎಸ್‌ಪಿಎಫ್ 30 ಅಂತ ಬರೆದಿರೋ ಲಿಪ್ ಬಾಮ್, ಮುಖಕ್ಕೆ ಟವೆಲ್ಲು. ಗುಳ್ಳೆ ಪದೇ ಪದೇ ಬರುವವರಿಗೆ ದಿನಾ ತಗೊಳ್ಳುವ ಮಾತ್ರೆಯೂ ಇದೆ, ಚರ್ಮದ ಡಾಕ್ಟರನ್ನು ಕೇಳಿ. ಗುಳ್ಳೆ ಇದ್ದಾಗ ಕಣ್ಣು ಕೆಂಪಾಗಿ ಬೆಳಕು ಚುಚ್ಚಿದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಟ್ಯೂಬ್ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ, ಡ್ರಾಪ್ಸ್ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ನನಗೆ ಚೀಟಿ ಯಾರೂ ಕೇಳಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆ ನಮ್ಮ ಮನೆಯ ಔಷಧಿ ಡಬ್ಬಿ ಸುರುವಿ ನೋಡಿದೆ. ಅಂಥವೇ ಇನ್ನೂ ಎರಡು ಟ್ಯೂಬ್ ಸಿಕ್ಕವು. ಒಂದನ್ನು ಅವ್ವ ಕಾಲ್ಬೆರಳ ಸಂದಿಗೆ ಹಚ್ಚಿಕೊಳ್ಳುತ್ತಿದ್ದಳು. ಇನ್ನೊಂದನ್ನು ತಿಂಗಳಿಂದ ಮಗನ ಕೆನ್ನೆಯ ಬಿಳಿ ಮಚ್ಚೆಗೆ ಹಚ್ಚುತ್ತಿದ್ದೆವು.